ವೇಲ್ಸ್‌ನ ಚಾಪೆಲ್‌ಗಳು ಖಾಲಿಯಾದದ್ದು ಹೇಗೆ?

(ಜುಮಾ ಪ್ರವಚನದ ಬರಹ ರೂಪ)

 



ಇಂದು ದೂರದ ಒಂದು ನಾಡಿನ, ನಮ್ಮದಲ್ಲದ ಒಂದು ಧರ್ಮದ ಜನರ ಬಗ್ಗೆ ಮಾತಾಡುತ್ತೇನೆ. ಬ್ರಿಟನ್ನಿನ ಪಶ್ಚಿಮ ಅಂಚಿನಲ್ಲಿ ವೇಲ್ಸ್ ಎಂಬ ಸಣ್ಣ ದೇಶವಿದೆ. ಬೆಟ್ಟ, ಕುರಿ, ಕಲ್ಲಿದ್ದಲು ಗಣಿಗಳ ನಾಡು. ಜನಸಂಖ್ಯೆ 31 ಲಕ್ಷದಷ್ಟು. ಒಂದು ಕಾಲದಲ್ಲಿ ಯುರೋಪಿನಲ್ಲಿ ಧರ್ಮನಿಷ್ಠೆಗೆ ಹೆಸರಾಗಿದ್ದ ಜನ ಅವರು. 2001ರ ಜನಗಣತಿಯಲ್ಲಿ ಅಲ್ಲಿನ ನೂರು ಮಂದಿಯಲ್ಲಿ 72 ಮಂದಿ ತಾವು ಕ್ರೈಸ್ತರೆಂದು ಬರೆಸಿದ್ದರು. 2011ರಲ್ಲಿ ಅದು 58ರ ಹತ್ತಿರಕ್ಕೆ ಇಳಿಯಿತು. 2021ರಲ್ಲಿ ಶೇ. 43.6. ಅದೇ ವರ್ಷ ತಮಗೆ ಯಾವ ಧರ್ಮವೂ ಇಲ್ಲ ಎಂದವರು ಶೇ. 46.5. ಇಪ್ಪತ್ತು ವರ್ಷ ಎಂದರೆ ಒಂದು ಮಗು ಹುಟ್ಟಿ ಕಾಲೇಜು ಮುಗಿಸುವಷ್ಟು ಸಮಯ. ಅಷ್ಟರೊಳಗೆ ಒಂದು ಸಮುದಾಯದ ಗುರುತೇ ಬದಲಾಗಿದೆ.

ಈ ವಿಷಯ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬೇರೆ ರೂಪದಲ್ಲಿ ಬರುತ್ತದೆ. ಯಾವುದೋ ಚರ್ಚ್ ಕಟ್ಟಡ ಮಸೀದಿಯಾದ ವೀಡಿಯೊ, ಕೆಳಗೆ ಸಾಲುಸಾಲು ಮಾಷಾ ಅಲ್ಲಾಹ್. ಇಂಥ ಕಟ್ಟಡಗಳು ಇರುವುದು ನಿಜ. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಕ್ರೂಯಿಸ್ ರಸ್ತೆಯಲ್ಲಿರುವ ಶಾಹ್ ಜಲಾಲ್ ಮಸೀದಿ ಒಂದು ಕಾಲದಲ್ಲಿ ವೆಲ್ಷ್ ಭಾಷೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದ ಚಾಪೆಲ್ ಆಗಿತ್ತು. ಅಲ್ಲಿ ನಮಾಝ್ ನಡೆಯುತ್ತಿರುವುದು ಸಂತೋಷವೇ. ಆದರೆ ಲೆಕ್ಕ ನೋಡಿ. ಇಡೀ ವೇಲ್ಸ್‌ನಲ್ಲಿ ಮುಸ್ಲಿಮರು ಶೇ. 2.2 ಮಾತ್ರ. ಚಾಪೆಲ್ ಬಿಟ್ಟವರು ಮಸೀದಿಗೆ ಬರಲಿಲ್ಲ, ಸುಮ್ಮನೆ ಮನೆಯಲ್ಲಿ ಉಳಿದರು. ದೇವರನ್ನು ಕರೆಯುತ್ತಿದ್ದ ಒಂದು ಮನೆತನದ ಮಕ್ಕಳು ಕರೆಯುವುದನ್ನೇ ನಿಲ್ಲಿಸಿದರೆ ಅದರಲ್ಲಿ ನಾವು ಗೆದ್ದದ್ದು ಏನು? ಸೂರಃ ಅಲ್-ಹಜ್ಜ್‌ನಲ್ಲಿ ಅಲ್ಲಾಹನು ಮಸೀದಿಗಳ ಜೊತೆಗೇ ಸನ್ಯಾಸಿಗಳ ಮಠಗಳನ್ನೂ ಚರ್ಚುಗಳನ್ನೂ ಯಹೂದಿಯರ ಆರಾಧನಾಲಯಗಳನ್ನೂ ಪ್ರಸ್ತಾಪಿಸಿದ್ದಾನೆ, ಅವು ನೆಲಸಮವಾಗದಂತೆ ತಡೆದುದನ್ನು ತನ್ನ ವ್ಯವಸ್ಥೆಯ ಭಾಗವಾಗಿ ಹೇಳಿದ್ದಾನೆ. ಅದನ್ನು ಓದಿದವರು ಬೀಗ ಬಿದ್ದ ಆರಾಧನಾಲಯದ ಮುಂದೆ ನಿಂತು ಕೇಕೆ ಹಾಕಲಾರರು.

ಅದು ಹೇಗೆ ಖಾಲಿಯಾಯಿತು ಎಂದು ಕೇಳುವ ಮೊದಲು ಹೇಗೆ ತುಂಬಿತು ಎಂದು ತಿಳಿಯಬೇಕು.

1588ರಲ್ಲಿ ವಿಲಿಯಂ ಮೋರ್ಗನ್ ಎಂಬ ಪಾದ್ರಿ ಇಡೀ ಬೈಬಲನ್ನು ವೆಲ್ಷ್ ಭಾಷೆಗೆ ತಂದರು. ಆದರೆ ಪುಸ್ತಕ ಇದ್ದರಾಯಿತೇ, ಓದಬಲ್ಲವರು ಬೇಡವೇ? ಸುಮಾರು ಒಂದೂವರೆ ಶತಮಾನದ ನಂತರ ಗ್ರಿಫಿತ್ ಜೋನ್ಸ್ ಎಂಬ ಹಳ್ಳಿಯ ಪಾದ್ರಿ ಈ ಕೆಲಸಕ್ಕೆ ಕೈಹಾಕಿದರು. ಅವರ ಯೋಜನೆ ಬಹಳ ಸರಳ. ಒಬ್ಬ ಮೇಷ್ಟ್ರು ಒಂದು ಊರಿಗೆ ಹೋಗುವುದು, ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಮೂರು ತಿಂಗಳು ಇದ್ದು ಓದಲು ಕಲಿಸುವುದು, ಮುಂದಿನ ಊರಿಗೆ ನಡೆಯುವುದು. ಹಗಲು ಮಕ್ಕಳು, ರಾತ್ರಿ ದುಡಿದು ಬಂದ ದೊಡ್ಡವರು. ಕಲಿಸುತ್ತಿದ್ದುದು ಜನ ಮನೆಯಲ್ಲಿ ಆಡುವ ವೆಲ್ಷ್‌ನಲ್ಲಿ. ಇಂಗ್ಲಿಷ್ ಕಲಿಸಬಾರದೇ ಎಂದು ಸಿರಿವಂತರು ಆಕ್ಷೇಪಿಸಿದರು, ಅವರು ಒಪ್ಪಲಿಲ್ಲ. ಬಡವನ ಆತ್ಮ ಅವನು ಇಂಗ್ಲಿಷ್ ಕಲಿಯುವವರೆಗೆ ಕಾಯಲಾರದು ಎಂಬುದು ಅವರ ನಿಲುವು. 1761ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಇಂಥ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ನಡೆದಿದ್ದವು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಸರು ದಾಖಲೆಯಲ್ಲಿತ್ತು. ಆಗ ವೇಲ್ಸ್‌ನ ಒಟ್ಟು ಜನಸಂಖ್ಯೆಯೇ ಐದು ಲಕ್ಷದ ಆಸುಪಾಸು!

ಅವರ ನಂತರ ಬ್ರಿಜೆಟ್ ಬೆವನ್ ಎಂಬ ಶ್ರೀಮಂತ ಮಹಿಳೆ ಈ ಶಾಲೆಗಳನ್ನು ನಡೆಸಿದರು. 1779ರಲ್ಲಿ ಸಾಯುವಾಗ ಹತ್ತು ಸಾವಿರ ಪೌಂಡ್ ಶಾಲೆಗಳಿಗೆಂದು ಬರೆದಿಟ್ಟರು. ಉಯಿಲಿನ ಬಗ್ಗೆ ತಕರಾರು ಎದ್ದಿತು, ವಿಷಯ ಕೋರ್ಟಿಗೆ ಹೋಯಿತು. ಸುಮಾರು ಮೂವತ್ತು ವರ್ಷ ಹಣ ಅಲ್ಲೇ ಕೊಳೆಯಿತು, ಇತ್ತ ಶಾಲೆಗಳು ನಿಂತುಹೋದವು. ವಕ್ಫ್ ಆಸ್ತಿಯ ವ್ಯಾಜ್ಯಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಬೀಜ ಬಿದ್ದಾಗಿತ್ತು. ಮುಂದೆ ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸ್ ಭಾನುವಾರದ ಶಾಲೆಗಳನ್ನು ಬೆಳೆಸಿದರು. ಅವರ ಬಳಿ ಬೈಬಲ್ ಕೊಳ್ಳಲು 1800ರಲ್ಲಿ ಮೇರಿ ಜೋನ್ಸ್ ಎಂಬ ನೇಕಾರನ ಮಗಳು, ಹದಿನೈದು ವರ್ಷದ ಹುಡುಗಿ, ಸುಮಾರು ನಲವತ್ತು ಕಿಲೋಮೀಟರ್ ಬರಿಗಾಲಲ್ಲಿ ನಡೆದು ಬಂದಳು. ಅದಕ್ಕಾಗಿ ಆರು ವರ್ಷ ಕಾಸಿಗೆ ಕಾಸು ಸೇರಿಸಿದ್ದಳು. ಭಾನುವಾರದ ಶಾಲೆ ಎಂದರೆ ಮಕ್ಕಳ ಶಾಲೆ ಎಂದುಕೊಳ್ಳಬೇಡಿ. ವೇಲ್ಸ್‌ನಲ್ಲಿ ಅದು ಎಲ್ಲ ವಯಸ್ಸಿನವರದ್ದು. ಗಣಿ ಕಾರ್ಮಿಕ, ರೈತ, ಅಜ್ಜಿ ಎಲ್ಲರೂ ಗುಂಪುಗುಂಪಾಗಿ ಕುಳಿತು ಒಂದು ವಾಕ್ಯದ ಅರ್ಥವೇನೆಂದು ಗಂಟೆಗಟ್ಟಲೆ ವಾದಿಸುತ್ತಿದ್ದರು. ಶಾಲೆಯ ಮುಖ ನೋಡದ ಜನ ಧರ್ಮಶಾಸ್ತ್ರ ಚರ್ಚಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಅವರ ಶಕ್ತಿಯ ಗುಟ್ಟು ಇದೇ. ಕಟ್ಟಡಗಳು ಆಮೇಲೆ ಬಂದವು.

ಆ ಕಟ್ಟಡಗಳು ಬಂದ ವೇಗವೂ ಸಾಮಾನ್ಯವಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಗುಳಿದ ಪಂಗಡಗಳು ಕಟ್ಟಿಕೊಂಡ ಆರಾಧನಾಲಯಗಳಿಗೆ ಚಾಪೆಲ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಎಂಟು ದಿನಕ್ಕೆ ಒಂದರಂತೆ ಚಾಪೆಲ್ ಎದ್ದಿತು ಎಂದು ಲೆಕ್ಕ ಹಾಕಿದವರಿದ್ದಾರೆ. 1851ರಲ್ಲಿ ಸರಕಾರ ಒಂದು ಭಾನುವಾರ ಎಲ್ಲ ಆರಾಧನಾಲಯಗಳ ಹಾಜರಾತಿ ಎಣಿಸಿತು. ವೇಲ್ಸ್‌ನಲ್ಲಿ ಅಂದು ಪ್ರಾರ್ಥನೆಗೆ ಹೋದವರಲ್ಲಿ ಐದರಲ್ಲಿ ನಾಲ್ಕು ಪಾಲು ಈ ಚಾಪೆಲ್‌ಗಳಲ್ಲಿದ್ದರು.

ಬಿರುಕು ಶುರುವಾದದ್ದು ಈ ತುಂಬಿದ ಕಾಲದಲ್ಲೇ. ಒಂದೇ ಹಳ್ಳಿಯಲ್ಲಿ ಮೆಥಡಿಸ್ಟರದ್ದು ಒಂದು ಚಾಪೆಲ್, ಬ್ಯಾಪ್ಟಿಸ್ಟರದ್ದು ಇನ್ನೊಂದು, ಸ್ವತಂತ್ರ ಸಭೆಯವರದ್ದು ಮತ್ತೊಂದು. ಅವರು ಎತ್ತರ ಮಾಡಿದರೆ ಇವರು ಇನ್ನೂ ಎತ್ತರ. ಅವರು ಆರ್ಗನ್ ವಾದ್ಯ ತಂದರೆ ಇವರು ದೊಡ್ಡದು ತಂದರು. ಊರಿನ ಎಲ್ಲರೂ ಒಂದೇ ದಿನ ಬಂದರೂ ತುಂಬದಷ್ಟು ಆಸನಗಳು, ಅದರ ಮೇಲೆ ಸಾಲ. ಸಾಲ ತೀರಿಸಲು ಗಾಯನ ಕೂಟ, ಚಹಾ ಕೂಟ. ಆಡಳಿತ ಸಮಿತಿಯ ಸಭೆಯಲ್ಲಿ ಮಾತೆಲ್ಲ ಚಾವಣಿ ಮತ್ತು ಬಡ್ಡಿಯದ್ದು. ಜನರು ಮಸೀದಿಗಳ ವಿಷಯದಲ್ಲಿ ಪರಸ್ಪರ ಹೆಮ್ಮೆ ಕೊಚ್ಚಿಕೊಳ್ಳುವ ಕಾಲದ ಬಗ್ಗೆ ಪ್ರವಾದಿ(ಸ) ಎಚ್ಚರಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿಯೂ ಮಿನಾರದ ಎತ್ತರವನ್ನು ಪಕ್ಕದ ಮೊಹಲ್ಲಾದ ಮಿನಾರದೊಂದಿಗೆ ಅಳೆಯುತ್ತೇವೆ, ಅದು ಬೇರೆ ಮಾತು.

ಚಾಪೆಲ್‌ನೊಳಗೆ ಪ್ರವಚನ ಪೀಠದ ಕೆಳಗೆ ಒಂದು ವಿಶೇಷ ಜಾಗವಿತ್ತು. ಅದನ್ನು ದೊಡ್ಡ ಆಸನ ಎಂದೇ ಕರೆಯುತ್ತಿದ್ದರು. ಅಲ್ಲಿ ಹಿರಿಯರು, ಸಭೆಯ ಮುಖಂಡರು ಕುಳಿತುಕೊಳ್ಳುತ್ತಿದ್ದರು. ಉಳಿದ ಕುಟುಂಬಗಳು ತಮ್ಮ ಸಾಲಿಗೆ ಬಾಡಿಗೆ ಕಟ್ಟುವ ಪದ್ಧತಿಯೂ ಇತ್ತು. ಸಭೆಗೆ ಶಿಸ್ತು ಬೇಕು, ನಿಜ. ಆದರೆ ಮದುವೆಯಾಗದೆ ಬಸಿರಾದ ಹುಡುಗಿಯನ್ನು ಎಲ್ಲರೆದುರು ಸಭೆಯಿಂದ ಹೊರಹಾಕುವುದು, ಅದಕ್ಕೆ ಕಾರಣನಾದ ಗಂಡಸು ಎಷ್ಟೋ ಸಲ ಏನೂ ಆಗದವನಂತೆ ಕುಳಿತಿರುವುದು, ಇದನ್ನು ಮಕ್ಕಳು ಹಿಂದಿನ ಸಾಲಿನಿಂದ ನೋಡುತ್ತಿದ್ದರು. 1915ರಲ್ಲಿ ಕ್ಯಾರಡಾಕ್ ಇವಾನ್ಸ್ ಎಂಬ ಲೇಖಕ ಈ ಬೂಟಾಟಿಕೆಯನ್ನು ಕಥೆಗಳಲ್ಲಿ ಬರೆದಾಗ ವೇಲ್ಸ್ ಕೆಂಡವಾಯಿತು. ಅವನು ಉತ್ಪ್ರೇಕ್ಷೆ ಮಾಡಿದ್ದ ಎಂದೇ ಇಟ್ಟುಕೊಳ್ಳೋಣ. ಆದರೂ ಪೂರ್ತಿ ಸುಳ್ಳಿಗೆ ಜನ ಅಷ್ಟು ಸಿಟ್ಟಾಗುವುದಿಲ್ಲ.

ಇನ್ನು ಭಾಷೆಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1901ರಲ್ಲಿ ವೇಲ್ಸ್‌ನ ಸುಮಾರು ಅರ್ಧ ಜನ ವೆಲ್ಷ್ ಮಾತಾಡುತ್ತಿದ್ದರು. 2021ರಲ್ಲಿ ಶೇ. 17.8. ಗಣಿಗಳಿಗೆ ಹೊರಗಿನಿಂದ ಕಾರ್ಮಿಕರು ಬಂದರು, ಶಾಲೆಗಳು ಇಂಗ್ಲಿಷಿನಲ್ಲಿ ನಡೆದವು. ಮಗನಿಗೆ ಒಳ್ಳೆಯ ಕೆಲಸ ಸಿಗಲಿ ಎಂದು ತಂದೆತಾಯಿ ಮನೆಯಲ್ಲೂ ಇಂಗ್ಲಿಷ್ ಆಡತೊಡಗಿದರು. ಚಾಪೆಲ್‌ನಲ್ಲಿ ಮಾತ್ರ ಪ್ರವಚನ ಹಳೆಯ, ಗಂಭೀರವಾದ ವೆಲ್ಷ್‌ನಲ್ಲೇ ನಡೆಯಿತು. ಅಜ್ಜ ಕಣ್ಣೀರು ಹಾಕಿ ಕೇಳುತ್ತಿದ್ದ ಮಾತು ಮೊಮ್ಮಗನಿಗೆ ಬರಿಯ ಸದ್ದು. ಅವನು ಗಡಿಯಾರ ನೋಡುತ್ತಿದ್ದ. ಹದಿನಾಲ್ಕು ಹದಿನೈದು ವರ್ಷವಾಗುತ್ತಲೇ ಎದ್ದು ಹೋದ, ಮತ್ತೆ ಬರಲಿಲ್ಲ.

ಹಾಗಾದರೆ ಇಂಗ್ಲಿಷಿಗೆ ಬದಲಾಗಿದ್ದರೆ ಉಳಿಯುತ್ತಿತ್ತೇ? ಅಷ್ಟು ಸುಲಭವಲ್ಲ. ಇಂಗ್ಲಿಷಿನಲ್ಲಿ ನಡೆದ ಚಾಪೆಲ್‌ಗಳೂ ಖಾಲಿಯಾದವು. ಭಾಷೆ ಬದಲಿಸಿದರೆ ಸಾಲದು, ಆ ಭಾಷೆಯಲ್ಲಿ ಹೇಳಲು ಏನಾದರೂ ಇರಬೇಕು. ಗ್ರಿಫಿತ್ ಜೋನ್ಸ್‌ರ ಕಾಲದಲ್ಲಿ ಮಾತೃಭಾಷೆಯೂ ಇತ್ತು, ಕಲಿಸುವ ಛಲವೂ ಇತ್ತು. ಈಗ ದೊಡ್ಡವರ ಗುಂಪುಗಳು ಒಂದೊಂದಾಗಿ ನಿಂತವು, ಭಾನುವಾರದ ಶಾಲೆ ಚಿಕ್ಕ ಮಕ್ಕಳದ್ದು ಮಾತ್ರವಾಯಿತು, ಆಮೇಲೆ ಅದೂ ಇಲ್ಲವಾಯಿತು. ತಂದೆ ತಾನು ಕಲಿಯುವುದನ್ನು ಬಿಟ್ಟು ಮಗನನ್ನು ಮಾತ್ರ ಕಳುಹಿಸಿದರೆ, ಧರ್ಮ ಎಂದರೆ ದೊಡ್ಡವರಾದ ಮೇಲೆ ಬಿಡುವಂಥದ್ದು ಎಂದು ಮಗ ತಿಳಿಯುತ್ತಾನೆ. ಮೇಷ್ಟ್ರು ಹೇಳದಿದ್ದರೂ ಅವನು ಕಲಿಯುವ ಮೊದಲ ಪಾಠ ಅದೇ.

ನಡುವೆ ಒಂದು ದೊಡ್ಡ ಜಾಗೃತಿಯೂ ಆಯಿತು. 1904ರಲ್ಲಿ ಇವಾನ್ ರಾಬರ್ಟ್ಸ್ ಎಂಬ 26 ವರ್ಷದ ಮಾಜಿ ಗಣಿ ಕಾರ್ಮಿಕನಿಂದ ಒಂದು ಅಲೆ ಎದ್ದಿತು. ರಾತ್ರಿಯಿಡೀ ಪ್ರಾರ್ಥನೆ, ಹಾಡು, ಅಳು. ಕುಡಿತದಂಗಡಿಗಳು ಬಣಗುಟ್ಟಿದವು. ಗಣಿಯಾಳುಗಳು ಬೈಗುಳ ಬಿಟ್ಟಿದ್ದರಿಂದ ಬಂಡಿ ಎಳೆಯುವ ಕುದುರೆಗಳಿಗೆ ಆಜ್ಞೆಯೇ ಅರ್ಥವಾಗದೆ ನಿಂತವು ಎಂದು ಇಂದಿಗೂ ಜನ ನಗುತ್ತಾ ಹೇಳುತ್ತಾರೆ. ಸುಮಾರು ಒಂದು ಲಕ್ಷ ಜನ ಹೊಸದಾಗಿ ವಿಶ್ವಾಸಕ್ಕೆ ಬಂದರು ಎಂದು ಆಗ ಹೇಳಲಾಯಿತು. ಆದರೆ ಆ ಸಭೆಗಳಲ್ಲಿ ಭಾವನೆಗೆ ಸಿಕ್ಕಿದ ಜಾಗ ಬೋಧನೆಗೆ ಸಿಗಲಿಲ್ಲ. 1906ರ ಹೊತ್ತಿಗೆ ಇವಾನ್ ರಾಬರ್ಟ್ಸ್ ದೇಹ ಮನಸ್ಸು ಎರಡೂ ಸೋತು ಸಾರ್ವಜನಿಕ ಜೀವನದಿಂದ ಹಿಂದೆ ಸರಿದರು. 1951ರವರೆಗೆ ಬದುಕಿದ್ದರೂ ಆ ಅಲೆ ಮತ್ತೆ ಬರಲಿಲ್ಲ. ಹೊಸದಾಗಿ ಬಂದವರಲ್ಲಿ ಬಹಳಷ್ಟು ಜನ ಕೆಲವೇ ವರ್ಷಗಳಲ್ಲಿ ಚದುರಿದರು. ರಮಝಾನಿನ ಇಪ್ಪತ್ತೇಳನೆಯ ರಾತ್ರಿ ನಮ್ಮ ಅಂಗಳದಲ್ಲಿ ಚಪ್ಪಲಿ ಇಡಲು ಜಾಗವಿರುವುದಿಲ್ಲ. ಶವ್ವಾಲಿನ ಮೊದಲ ವಾರದ ಫಜ್ರ್‌ಗೆ ಎಷ್ಟು ಸಫ್ ಇರುತ್ತದೆ ಎಂದು ನಿಮಗೂ ಗೊತ್ತು.

ಆಮೇಲೆ ಯುದ್ಧ ಬಂತು. ಚಾಪೆಲ್‌ಗಳು ಶಾಂತಿಯ ಪರಂಪರೆಗೆ ಹೆಸರಾಗಿದ್ದವು. ಲೋಕಸಂಚಾರ ಮಾಡಿ ಶಾಂತಿ ಸಾರಿದ ಹೆನ್ರಿ ರಿಚರ್ಡ್ ಒಬ್ಬ ಮೆಥಡಿಸ್ಟ್ ಬೋಧಕರ ಮಗ. ಆದರೆ 1914ರ ಮಹಾಯುದ್ಧದಲ್ಲಿ ಜಾನ್ ವಿಲಿಯಮ್ಸ್ ಎಂಬ ಪ್ರಖ್ಯಾತ ಬೋಧಕ ಸೈನ್ಯದ ಸಮವಸ್ತ್ರದಲ್ಲೇ ಪ್ರವಚನ ಪೀಠ ಹತ್ತಿ ಯುವಕರನ್ನು ಸೈನ್ಯಕ್ಕೆ ಕರೆದರು. ಸತ್ತ ವೆಲ್ಷ್ ಯೋಧರ ಸ್ಮರಣ ಗ್ರಂಥದಲ್ಲಿ ಸುಮಾರು 35,000 ಹೆಸರುಗಳಿವೆ. ಕಂದಕಗಳಿಂದ ಬದುಕಿ ಬಂದ ಎಷ್ಟೋ ಮಂದಿಗೆ ಆ ಪೀಠದ ಮಾತಿನಲ್ಲಿ ನಂಬಿಕೆ ಉಳಿದಿರಲಿಲ್ಲ. ಅವರು ಕಾರ್ಮಿಕ ಸಂಘಕ್ಕೆ ಹೋದರು. ಅಲ್ಲಿ ಕೂಲಿಯ ಬಗ್ಗೆ, ಮನೆಯ ಬಗ್ಗೆ, ಗಣಿಯಲ್ಲಿ ಸತ್ತವನ ಹೆಂಡತಿ ಮಕ್ಕಳ ಬಗ್ಗೆ ಯಾರೋ ಮಾತಾಡುತ್ತಿದ್ದರು. ಇಪ್ಪತ್ತು ಮೂವತ್ತರ ದಶಕಗಳಲ್ಲಿ ಗಣಿಗಳು ಮುಚ್ಚಿದಾಗ ಲಕ್ಷಾಂತರ ಜನ ಊರನ್ನೇ ಬಿಟ್ಟರು. ಹೋದವರು ಹೆಚ್ಚಿನವರು ಯುವಕರು.

ಕಾನೂನು ಕಾಪಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕಾನೂನೂ ಇತ್ತು. ಚಾಪೆಲ್‌ಗಳ ಒತ್ತಾಯದಿಂದ 1881ರಲ್ಲಿ ವೇಲ್ಸ್‌ನಲ್ಲಿ ಭಾನುವಾರ ಮದ್ಯದಂಗಡಿ ಮುಚ್ಚಬೇಕೆಂಬ ಶಾಸನ ಬಂತು. 1961ರಿಂದ ಏಳು ವರ್ಷಕ್ಕೊಮ್ಮೆ ಪ್ರತಿ ಪ್ರದೇಶದ ಜನರ ಮತ ಕೇಳಲಾಯಿತು, ಒಂದೊಂದಾಗಿ ಪ್ರದೇಶಗಳು ಬಾಗಿಲು ತೆರೆದವು. ಕೊನೆಯದಾಗಿ ಉಳಿದಿದ್ದ ಡ್ವಿವೊರ್ ಎಂಬ ಜಿಲ್ಲೆಯೂ 1996ರಲ್ಲಿ ಬದಲಾಯಿತು. ಮದ್ಯದಂಗಡಿಯ ಬಾಗಿಲು ನೂರು ವರ್ಷಕ್ಕೂ ಮಿಕ್ಕಿ ಮುಚ್ಚಿಯೇ ಇತ್ತು. ಅದರಿಂದ ಚಾಪೆಲ್ ತುಂಬಲಿಲ್ಲ.

ಒಂದು ಮಾತನ್ನು ಇಲ್ಲಿ ಬಿಟ್ಟು ಹೋಗಲಾರೆ. ಎಲ್ಲರ ವಿಶ್ವಾಸವೂ ಸೋಮಾರಿತನದಿಂದ ಸಡಿಲವಾಗಲಿಲ್ಲ. 1966ರ ಅಕ್ಟೋಬರ್ 21ರಂದು ಅಬರ್‌ವಾನ್ ಎಂಬ ಗಣಿ ಊರಿನಲ್ಲಿ ಬೆಟ್ಟದ ಮೇಲೆ ಸುರಿದಿದ್ದ ಗಣಿತ್ಯಾಜ್ಯದ ರಾಶಿ ಮಳೆನೀರಿಗೆ ಕುಸಿದು ಶಾಲೆಯ ಮೇಲೆ ಬಿತ್ತು. 144 ಮಂದಿ ಸತ್ತರು, ಅವರಲ್ಲಿ 116 ಮಕ್ಕಳು. ಊರಿನ ಬೆಥಾನಿಯಾ ಚಾಪೆಲನ್ನೇ ಶವಾಗಾರ ಮಾಡಿದರು. ತಂದೆತಾಯಂದಿರು ಹೊರಗೆ ಸಾಲಿನಲ್ಲಿ ಕಾದು, ಒಳಗೆ ಹೋಗಿ, ಪ್ರಾರ್ಥನೆಗೆ ಕೂರುವ ಬೆಂಚುಗಳ ಮೇಲೆ ತಮ್ಮ ಮಗುವನ್ನು ಗುರುತಿಸಿದರು. ಆ ಕಟ್ಟಡವನ್ನು ಮುಂದೆ ಕೆಡವಿ ಬೇರೆ ಕಟ್ಟಬೇಕಾಯಿತು. ಅಂಥ ದಿನದ ನಂತರ ಒಬ್ಬ ತಾಯಿಗೆ ಕೈಯೆತ್ತಲು ಆಗದಿದ್ದರೆ ಅವಳ ಮುಂದೆ ನಿಂತು ಉಪದೇಶ ಮಾಡುವ ಧೈರ್ಯ ನನಗಿಲ್ಲ. ಅವಳ ಪಕ್ಕದಲ್ಲಿ ಕುಳಿತುಕೊಳ್ಳುವವರು ಬೇಕು. ಅಲ್ಲಿ ಹಾಗೆ ಕುಳಿತ ಪಾದ್ರಿಗಳೂ ಇದ್ದರು.

ಇಂದು ಕಾರ್ಡಿಫ್‌ನ ಕ್ರೀಡಾಂಗಣದಲ್ಲಿ ರಗ್ಬಿ ಪಂದ್ಯ ನಡೆದಾಗ ಎಪ್ಪತ್ತು ಸಾವಿರ ಜನ ಒಂದೇ ಕಂಠದಲ್ಲಿ ಒಂದು ಹಳೆಯ ಪ್ರಾರ್ಥನಾಗೀತೆ ಹಾಡುತ್ತಾರೆ. ಮರುಭೂಮಿಯಲ್ಲಿ ನಡೆಯುವ ಯಾತ್ರಿಕನೊಬ್ಬ ದೇವರಲ್ಲಿ ದಾರಿಯನ್ನೂ ಆಹಾರವನ್ನೂ ಬೇಡುವ ಗೀತೆ. ಹದಿನೆಂಟನೆಯ ಶತಮಾನದ ವಿಲಿಯಂ ವಿಲಿಯಮ್ಸ್ ಅದನ್ನು ಬರೆದದ್ದು ಅಳುತ್ತಾ ಹಾಡುವವರಿಗಾಗಿ. ಈಗ ಅದು ತಂಡಕ್ಕೆ ಹುರುಪು ತುಂಬುವ ಹಾಡು. ರಾಗ ಉಳಿದಿದೆ, ಸ್ವರ ತಪ್ಪುವುದಿಲ್ಲ. ಯಾರನ್ನು ಕರೆಯುತ್ತಿದ್ದೇವೆ ಎಂಬುದನ್ನು ಹಾಡುವವರಲ್ಲಿ ಹಲವರು ಯೋಚಿಸುವುದೇ ಇಲ್ಲ. ಸೂರಃ ಮರ್ಯಮ್‌ನಲ್ಲಿ ಪ್ರವಾದಿಗಳ ಸರಣಿಯನ್ನು ಹೇಳಿದ ಮೇಲೆ, ನಮಾಝನ್ನು ಕಳೆದುಕೊಂಡ ಪೀಳಿಗೆಯೊಂದು ಅವರ ನಂತರ ಬಂತು ಎಂಬ ಪ್ರಸ್ತಾಪವಿದೆ. ಆ ಪೀಳಿಗೆಯವರು ತಮ್ಮ ಹಿರಿಯರ ಹೆಸರನ್ನು ಮರೆತಿದ್ದರು ಎಂದೇನೂ ಅಲ್ಲಿ ಹೇಳಿಲ್ಲ.

ಈ ಕಥೆಯ ಇನ್ನೊಂದು ತುದಿ ನಮ್ಮ ದೇಶದಲ್ಲೇ ಇದೆ. 1841ರಲ್ಲಿ ಥಾಮಸ್ ಜೋನ್ಸ್ ಎಂಬ ವೆಲ್ಷ್ ಬಡಗಿಯ ಮಗ ಚಿರಾಪುಂಜಿಗೆ ಬಂದರು. ಮೊದಲು ಖಾಸಿ ಜನರ ಭಾಷೆ ಕಲಿತರು, ಅದನ್ನು ಬರೆಯಲು ಲಿಪಿ ಹೊಂದಿಸಿದರು, ಅದರಲ್ಲೇ ಕಲಿಸಿದರು. ಮುಂದೆ ವೆಲ್ಷ್ ಪ್ರಚಾರಕರು ಮಿಝೋ ಬೆಟ್ಟಗಳಲ್ಲೂ ಜನರ ಭಾಷೆಯಲ್ಲೇ ಕಲಿಸಿದರು. 2011ರ ಜನಗಣತಿಯಲ್ಲಿ ಮೇಘಾಲಯದಲ್ಲಿ ಕ್ರೈಸ್ತರು ಶೇ. 75ರ ಸಮೀಪ, ಮಿಝೋರಾಂನಲ್ಲಿ ಶೇ. 87. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ ಇಂದು ವೇಲ್ಸ್‌ನ ಮೂಲ ಸಭೆಗಿಂತ ಎಷ್ಟೋ ಪಟ್ಟು ದೊಡ್ಡದು. ಈ ಶತಮಾನದಲ್ಲಿ ಮಿಝೋರಾಂನವರೇ ವೇಲ್ಸ್‌ಗೆ ತಮ್ಮ ಪ್ರಚಾರಕರನ್ನು ಕಳುಹಿಸಿದ್ದಾರೆ. ಅವರ ನಂಬಿಕೆಯ ಹಲವು ಮೂಲ ವಿಷಯಗಳನ್ನು ನಾವು ಒಪ್ಪುವುದಿಲ್ಲ, ಪ್ರವಾದಿ ಈಸಾ(ಅ)ರ ಬಗ್ಗೆ ನಮ್ಮ ವಿಶ್ವಾಸ ಬೇರೆ. ಆದರೆ ತನ್ನ ಮನೆಯಲ್ಲಿ ಮರೆತದ್ದನ್ನು ಆ ಜನ ಪರರ ಮನೆಯಲ್ಲಿ ಎಷ್ಟು ಚೆನ್ನಾಗಿ ಮಾಡಿದರು ಎಂಬುದನ್ನು ಒಪ್ಪಲೇಬೇಕು.

ಸಹೋದರರೇ, ನಮ್ಮ ಮನೆಗಳಲ್ಲಿ ಬ್ಯಾರಿ ಇರಬಹುದು, ಉರ್ದು ಇರಬಹುದು. ಮಗು ಓದುವುದು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮದ್ರಸದಲ್ಲಿ ಅದು ಮೂರನೆಯ ಭಾಷೆಯ ಪಾಠವನ್ನು ಬಾಯಿಪಾಠ ಮಾಡುತ್ತದೆ. ಹತ್ತನೆಯ ತರಗತಿಗೆ ಬಂದಾಗ ಟ್ಯೂಷನ್ ಇದೆ ಎಂದು ನಾವೇ ಮದ್ರಸ ಬಿಡಿಸುತ್ತೇವೆ. ಪ್ರಶ್ನೆಗಳು ಹುಟ್ಟುವ ವಯಸ್ಸು ಅದೇ. ಉತ್ತರ ಹುಡುಕಲು ಅದರ ಕೈಯಲ್ಲಿ ಮೊಬೈಲ್ ಮಾತ್ರ ಇರುತ್ತದೆ.

ಆದ್ದರಿಂದ ಜಮಾಅತ್ ಸಮಿತಿಯ ಹಿರಿಯರಲ್ಲಿ ಒಂದು ಬಿನ್ನಹ ಮಾಡಿದ್ದೆ, ಅವರು ಒಪ್ಪಿದ್ದಾರೆ. ಎರಡನೆಯ ಮಹಡಿಗೆ ಗ್ರಾನೈಟ್ ಹಾಕುವ ಕೆಲಸವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಬರುವ ಭಾನುವಾರದಿಂದ ಮಗ್ರಿಬ್ ಮತ್ತು ಇಶಾ ನಡುವೆ ಕನ್ನಡದಲ್ಲಿ ಕುರ್‌ಆನ್ ಅಧ್ಯಯನ ನಡೆಯುತ್ತದೆ. ಗಂಡಸರಿಗೆ ಕೆಳಗೆ, ಹೆಂಗಸರಿಗೆ ಮದ್ರಸ ಹಾಲಿನಲ್ಲಿ. ಹದಿನೈದು ದಾಟಿದ ಮಕ್ಕಳು ತಂದೆ ಅಥವಾ ತಾಯಿಯ ಜೊತೆಗೇ ಬರಬೇಕು, ಮಕ್ಕಳನ್ನು ಬಿಟ್ಟು ಹೋಗುವ ವ್ಯವಸ್ಥೆ ಇಲ್ಲ. ಪ್ರಶ್ನೆಗಳನ್ನು ಹೆಸರು ಬರೆಯದೆ ಚೀಟಿಯಲ್ಲಿ ಹಾಕಲು ಬಾಗಿಲ ಬಳಿ ಡಬ್ಬಿ ಇಟ್ಟಿದ್ದೇವೆ. ಯಾವ ಪ್ರಶ್ನೆಗೂ ಬೈಗುಳ ಉತ್ತರವಾಗುವುದಿಲ್ಲ. ನನಗೆ ತಿಳಿಯದ್ದನ್ನು ತಿಳಿದವರಿಂದ ಕೇಳಿ ಮುಂದಿನ ವಾರ ಹೇಳುತ್ತೇನೆ. ನಮಾಝ್ ಮುಗಿದ ಮೇಲೆ ಮುಅಝ್ಝಿನ್ ಅವರ ಬಳಿ ಹೆಸರು ಬರೆಸಿ.